ಗಾಡಿ ಯಾರ್ದು, ಹಿಸಾಬ್ ಯಾರ ಕೈಯಾಗ: ಹುಡುಗೇರ ರಾಕ್ ಬ್ಯಾಂಡಿನ ಬಗ್ಗೆ ಒಂದು ಮಾತು

ಹೋದ ತಿಂಗಳು ಕಲಬುರಗಿಯ ಒಂದು ಹೆಣ್ಮಕ್ಕಳ ಕಾಲೇಜಿನಾಗ ಮಾತಾಡ್ಲಾಕ ಕರ್ದಿದ್ರು. ಅಲ್ಲಿ ಹುಡುಗೇರು ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೋತ ಬರ್ದೀನಿ, ಮಾತಾಡಿದಂಗೇ ಇಟ್ಟೀನಿ, ಅವತ್ತು ಗಡಬಡಿಯೊಳಗ ಬಿಟ್ಟುಹೋದ ಎರಡ್ಮೂರು ಮಾತು ಅಷ್ಟೇ ಈಗ ಸೇರ್ಸೀನಿ.

ಎಲ್ಲಾರಿಗೂ ನಮಸ್ಕಾರ್ರೀ. ನಿಮ್ ಮೇಡಂ ಅವ್ರು ಫೋನ್ ಮಾಡಿ "ಅಕ್ಕೋರೆ, ಸುಗಮ ಸಂಗೀತದ ಬಗ್ಗೆ ಒಂದು ತಾಸು ಮಾತಾಡ್ರಿ" ಅಂದಿದ್ರು, ನಾನೂ ಹೂಂ ಅಂದಿದ್ದೆ. ಆದ್ರ ಅದರ ಮರುದಿನ ಸಂಜಿಕಿ ನಮ್ಮ ಓಣಿಯ ನಾಕು ಹುಡುಗೇರು, ಪಿಯುಸಿ ಓದೋರು, ಮನಿಗೆ ಬಂದು ನನ್ನ ಕೀಬೋರ್ಡಿನ ಮುಂದ ಕುಂತು "ಅಕ್ಕೋರೆ, ನಾವು ಬ್ಯಾಂಡ್ ಮಾಡ್ತೀವಿ, ರಾಕ್ ಬ್ಯಾಂಡ್, ಬರೇ ಹುಡುಗೇರದು, ನೀವು ಕಲಸ್ತೀರೇನು" ಅಂದ್ರು. ನನ್ನ ಬಾಯಿಂದ ಮೊದಲ ಬಂದ ಮಾತು ಏನ್ ಗೊತ್ತದೇನ್ರಿ, "ಮನ್ಯಾಗ ಹೇಳೀರೇನು?" ಅಂತ. ಅವತ್ತು ರಾತ್ರಿ ನಂಗ ನಿದ್ದಿ ಬರ್ಲಿಲ್ಲ. 17 ವರ್ಷದಾಕಿ ಇದ್ದಾಗ ಇದೇ ಪ್ರಶ್ನೆ ನನಗ ಎಷ್ಟು ಮಂದಿ ಕೇಳಿದ್ರು, ಒಬ್ರರ "ಏನ್ ಬಾರಸ್ತಿ, ಏನ್ ಹಾಡ್ತಿ, ತೋರ್ಸು ನೋಡೋಣ" ಅಂತ ಕೇಳಿದ್ರೇನು ಅಂತ ನೆನಸ್ಕೋತ ಬಿದ್ದಿದ್ದೆ. ಅದಕ್ಕ ಇವತ್ತು ಸುಗಮ ಸಂಗೀತ ಬಿಟ್ಟು ಹುಡುಗೇರ ರಾಕ್ ಬ್ಯಾಂಡಿನ ಬಗ್ಗೆನೇ ಮಾತಾಡ್ತೀನಿ, ಮೇಡಂ ಅವ್ರು ಒಪ್ಕೊಂಡಾರ.

1975ನೇ ಇಸ್ವಿ, ಅಮೇರಿಕಾದ ಲಾಸ್ ಏಂಜಲೀಸ್. ಜೋನ್ ಜೆಟ್ ಅಂತ ಒಬ್ಬಾಕಿ ಹುಡುಗಿ, ಇನ್ನಾ 17 ತುಂಬಿಲ್ಲ. ಅಕಿಗೆ ಚಿಕ್ಕಾಕಿ ಇದ್ದಾಗ ಮನ್ಯಾಗ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ್ರು. ಕಲೀಲಾಕ ಮಾಸ್ತರರ ಬಲ್ಲಿ ಹೋಗಿ "ನಂಗ ರಾಕ್ ಬಾರ್ಸೋದು ಕಲಸ್ರಿ" ಅಂದ್ರ ಆ ಮಾಸ್ತರ ಹುಡುಗೇರು ರಾಕ್ ಬಾರ್ಸಂಗಿಲ್ಲ ಅಂತ ಹೇಳಿ ಒಂದು ಹಳೇ ಜಾನಪದ ಹಾಡು ಕಲಸ್ಲಾಕ ಕುಂತ. ಅಕಿ ಮತ್ತ ಆ ಕ್ಲಾಸಿಗೆ ಹೋಗ್ಲಿಲ್ಲ, ಮನ್ಯಾಗ ರೆಕಾರ್ಡ್ ಹಚ್ಚಿ ತಾನೇ ಕೇಳಿ ಕೇಳಿ ಕಲ್ತಳು. ಹುಡುಗೇರಿಗೆ ಗಿಟಾರ್ ಬರಂಗಿಲ್ಲ ಅಂತ ಆ ಮಾಸ್ತರ ಹೇಳಿದ್ದಲ್ಲ ನೋಡ್ರಿ, ಪಿಟೀಲು ಬಾರಸ್ತಾರ, ಪಿಯಾನೊ ಬಾರಸ್ತಾರ, ಅದು ಎಲ್ಲಾರಿಗೂ ಗೊತ್ತದ. ಬ್ಯಾಡ ಅಂದಿದ್ದು ಆವಾಜಿಗೆ. ಹೆಣ್ಮಗಳು ಮೆತ್ತಗ ಬಾರ್ಸಿದ್ರ ಕಲಾ, ಜೋರಾಗಿ ಬಾರ್ಸಿದ್ರ ಬೆರಕಿ.

ಅಲ್ಲಿಂದ ದೂರ ಹಂಟಿಂಗ್ಟನ್ ಬೀಚ್ ಅನ್ನೋ ಊರಾಗ ಸ್ಯಾಂಡಿ ವೆಸ್ಟ್ ಅಂತ ಡ್ರಮ್ಸ್ ಬಾರ್ಸೋ ಹುಡುಗಿ, ಅಕಿಗೂ 16. ಕಿಮ್ ಫೌಲಿ ಅನ್ನೋ ಒಬ್ಬ ಪ್ರೊಡ್ಯೂಸರ್, ಅಂದ್ರ ಹಾಡು ರೆಕಾರ್ಡ್ ಮಾಡ್ಸೋಂವ, ಇಬ್ಬರಿಗೂ ಒಬ್ಬರದೊಬ್ಬರಿಗೆ ನಂಬರ್ ಸಿಗೂಹಂಗ ಮಾಡ್ದ. ಜೋನ್ ಗಿಟಾರ್ ಹೊತ್ಕೊಂಡು ಬಸ್ ಹಿಡ್ದು ದೂರದ ಸ್ಯಾಂಡಿ ಮನಿಗೆ ಹೋದ್ಲು, ಇಬ್ರೂ ಕುಂತು ಬಾರ್ಸಿದ್ರು, ಕೂಡಿತು. "ದಿ ರನವೇಸ್" ಬ್ಯಾಂಡ್ ಶುರು ಆಗಿದ್ದು ಹಿಂಗ. ನಾನು ಈ ಬಸ್ಸಿನ ಮಾತು ಎಲ್ಲಿ ಹೋದ್ರೂ ಹೇಳ್ತೀನಿ, ಯಾಕಂದ್ರ ನಮ್ಮ ಕಾಲದಾಗ ಆಳಂದದಾಕಿ ಕಲಬುರಗಿಗೆ ಬಂದು ಸಂಗೀತ ಕಲೀಬೇಕಂದ್ರ ಬಸ್ ಚಾರ್ಜಿನ ರೊಕ್ಕ ಅಪ್ಪನ ಬಲ್ಲಿ ಕೇಳ್ಬೇಕು, ಯಾಕ ಎಲ್ಲಿಗೆ ಅಂತ ಅಲ್ಲೇ ಮಾತು ಶುರು, ಅಲ್ಲೇ ಮುಗೀತಿತ್ತು. 2023ರ ಜೂನಿನಿಂದ ನಿಮ್ಮ ಕೈಯಾಗ ಶಕ್ತಿ ಯೋಜನೆ ಅದ, ಆಧಾರ್ ಕಾರ್ಡ್ ತೋರ್ಸಿದ್ರ ಕಂಡಕ್ಟರ್ ಝೀರೋ ಟಿಕೆಟ್ ಹರದು ಕೊಡ್ತಾನ. ಒಂದು ಬ್ಯಾಂಡ್ ಕೂಡ್ಲಾಕ ಮೊದಲ ಬೇಕಾಗಿದ್ದು ಇದೇ ನೋಡ್ರಿ, ಇಬ್ರು ಹುಡುಗೇರು ಒಬ್ಬರ ಮನಿಗೆ ಒಬ್ರು ಹೋಗಿ ಮುಟ್ಟೋದು.

ಈಗ ಬಟ್ಟಿನ ಮಾತು. ಗಿಟಾರಿನ ತಂತಿ ಸ್ಟೀಲಿಂದು. ಮೊದಲಿನ ಎರಡ್ಮೂರು ವಾರ ಎಡಗೈ ಬಟ್ಟಿನ ತುದಿ ಉರೀತಾವ, ತಂತಿ ಒತ್ತಿದ ಜಾಗದಾಗ ಕೆಂಪನ ಗೆರಿ ಬೀಳ್ತದ, ಗುಳ್ಳಿ ಬರ್ತದ, ಗುಳ್ಳಿ ಒಣಗಿ ಚರ್ಮ ದಪ್ಪ ಆಗ್ತದ, ಆಮ್ಯಾಲೆ ನೋವಿರಂಗಿಲ್ಲ. ಬಾಳ ಹುಡುಗೇರು, ಹುಡುಗ್ರೂ ಸೈತ, ಈ ಎರಡ್ಮೂರು ವಾರದಾಗೇ ಬಿಟ್ಟು ಹೋಗ್ತಾರ. ನಾನು ನಮ್ಮ ಓಣಿ ಹುಡುಗೇರಿಗೆ ಕೈ ತೋರಸ್ರಿ ಅಂದೆ. ಒಬ್ಬಾಕಿ ಬಟ್ಟಿನ ತುದಿ ಆಗ್ಲೇ ಗಟ್ಟಿ ಇದ್ವು, ಯಾಕ ಯವ್ವಾ ಅಂದ್ರ, ದಿನಾ ಮನ್ಯಾಗ ಇಪ್ಪತ್ತು ಜೋಳದ ರೊಟ್ಟಿ ಬಡೀತೀನಿ ಅಕ್ಕೋರೆ, ಹಂಚಿನ ಮ್ಯಾಲಿಂದು ಬರಿಗೈಲೇ ತಿರುವಿ ಹಾಕ್ತೀನಿ ಅಂದ್ಲು. ಅಕಿ ಕೈಯಾಗ ಗಿಟಾರ್ ಕೊಟ್ಟೆ. ಮೊದಲನೇ ದಿನಾನೇ ತಂತಿ ಪೂರಾ ಒತ್ತಿದ್ಲು, ಒಂದೂ ಝಿರ್ ಅನ್ನಲಿಲ್ಲ. ಆ ಆವಾಜ್ ಕೇಳಿ ನನ್ನ ಮೈ ಜುಂ ಅಂತು ಖರೇ.

ರನವೇಸಿಗೆ ಬರೋಣ. ಆಮ್ಯಾಲೆ ಲಿಟಾ ಫೋರ್ಡ್ ಬಂದ್ಲು ಲೀಡ್ ಗಿಟಾರಿಗೆ, ಜಾಕಿ ಫಾಕ್ಸ್ ದಪ್ಪ ದನಿಯ ಬಾಸ್ ಗಿಟಾರಿಗೆ. ಹಾಡ್ಲಾಕ ಒಬ್ಬಾಕಿ ಬೇಕಾಗಿತ್ತು, ಹುಡುಗ ಹುಡುಗೇರು ಕೂಡೋ ಒಂದು ಕ್ಲಬ್ಬಿನಾಗ ಶೆರಿ ಕರಿ ಅನ್ನೋ 15 ವರ್ಷದಾಕಿ ಸಿಕ್ಕಳು. ಅಕಿ ಆಡಿಷನ್ನಿಗೆ ತಯಾರಾಗಿ ಬಂದ ಹಾಡು ಇವರಿಗೆ ಬಾರ್ಸಲಾಕ ಬರ್ತಿದ್ದಿಲ್ಲ, ಅದಕ್ಕ ಜೋನ್ ಮತ್ತ ಫೌಲಿ ಅಲ್ಲೇ ಕುಂತು ಅಕಿ ಹೆಸರಿಗೇ ಹೊಂದೂಹಂಗ "ಚೆರಿ ಬಾಂಬ್" ಅಂತ ಒಂದು ಹಾಡು ಕಟ್ಟಿ ಕೊಟ್ರು. ಅದೇ ಅವರ ದೊಡ್ಡ ಹಾಡಾತು. 1976ರಾಗ ಮರ್ಕ್ಯುರಿ ಅನ್ನೋ ರೆಕಾರ್ಡ್ ಕಂಪನಿ ಜೋಡಿ ಕರಾರು, ಅದೇ ವರ್ಷ ಮೊದಲನೇ ಆಲ್ಬಮ್, 1977ರ ಆರಂಭದಾಗ ಎರಡನೇದು. ಐದೂ ಮಂದಿ ಇಪ್ಪತ್ತರ ಒಳಗ.

ಪ್ರಾಕ್ಟೀಸ್ ಹ್ಯಾಂಗಿರ್ತಿತ್ತು ಅಂದ್ರ, ಒಂದು ಹಳೇ ಟ್ರೇಲರ್ ಡಬ್ಬಿಯೊಳಗ. ಅಲ್ಲಿ ಫೌಲಿ ಮಂದಿನ್ನ ಕರ್ಸಿ ಇವ್ರ ಮ್ಯಾಲೆ ಸಾಮಾನು ಎಸಿಸ್ತಿದ್ದ, ಬೈಸ್ತಿದ್ದ, ನಾಳಿ ಮಂದಿ ಹಂಗ ಮಾಡಿದ್ರ ಹೆದರ್ಬಾರ್ದು ಅಂತ ತಯಾರಿ. ಈ ಮಾತಿನ ಮ್ಯಾಲೆ ನಾನು ಬಾಳ ಯೋಚ್ನಿ ಮಾಡೀನಿ. ಖರೇ, ಮಂದಿ ಎಸೀತಾರ, ನಾನೂ ಸ್ಟೇಜಿನ ಮ್ಯಾಲೆ ತಿಂದೀನಿ, ಬಾಟ್ಲಿ ಬಿರಡಿ, ನಾಣ್ಯ, ಕೆಟ್ಟ ಮಾತು. ಹುಡುಗೇರು ಗಟ್ಟಿ ಆಗ್ಬೇಕು ಅನ್ನೋದು ನಾನೂ ಒಪ್ತೀನಿ. ಆದ್ರ ನಮ್ಮನ್ನ ಕಾಯಬೇಕಾದಂವನೇ ಬೈದು ಬೈದು ಗಟ್ಟಿ ಮಾಡಿದ್ರ ಏನಾಗ್ತದ ಅಂದ್ರ, ಮುಂದ ಯಾವ ಬೈಗುಳ ಕೆಲಸದ್ದು, ಯಾವುದು ಅನ್ಯಾಯದ್ದು ಅಂತ ಹುಡುಗಿಗೆ ಗುರುತೇ ಹತ್ತಂಗಿಲ್ಲ. ಎಲ್ಲಾನೂ ಸಹಿಸ್ಕೊಳ್ಳೋದೇ ಕಲಾ ಅಂತ ತಿಳ್ಕೋತಾಳ. 16 ವರ್ಷಕ್ಕ ಅಷ್ಟೇ ಗೊತ್ತಿರ್ತದ.

ಟೂರ್ ಅಂದ್ರ ಏನು ಅಂತ ನಿಮಗ ಸ್ವಲ್ಪ ಹೇಳ್ಬೇಕು, ಯಾಕಂದ್ರ ವಿಡಿಯೋದಾಗ ಕಾಣೋದು ಆ ಒಂದು ತಾಸು ಅಷ್ಟೇ. ಉಳಿದ 23 ತಾಸು ಗಾಡಿ, ಸಾಮಾನು ಹೇರೋದು, ಇಳಿಸೋದು, ಸೌಂಡ್ ಚೆಕ್ ಸಂಬಂಧ ಕಾಯೋದು, ಸಿಕ್ಕಿದ್ದು ತಿನ್ನೋದು, ಮತ್ತ ಗಾಡಿ. ರನವೇಸ್ ಅಮೇರಿಕಾ ತುಂಬಾ ತಿರುಗಿದ್ರು, ಯುರೋಪಿಗೆ ಹೋದ್ರು, 1977ರ ಜೂನಿನಾಗ ಜಪಾನಿಗೆ ಹೋದ್ರು. ಪತ್ರಿಕಿಯೋರು ಇವ್ರ ಗಿಟಾರ್ ಬಗ್ಗೆ ಬರ್ಯೋದಕ್ಕಿಂತ ಇವ್ರ ಅರಿವಿ ಬಗ್ಗೆ ಬರದಿದ್ದೇ ಜಾಸ್ತಿ. ರೊಕ್ಕದ ಹಿಸಾಬ್ ಮಾತ್ರ ಹುಡುಗೇರ ಕೈಯಾಗ ಇದ್ದಿದ್ದಿಲ್ಲ, ಅದೇ ಜಗಳ ಬೆಳದು 1977ರಾಗ ಫೌಲಿನ್ನ ಬಿಟ್ರು.

ಇಲ್ಲಿ ನನ್ನ ಮಾತು ಒಂದು ಹೇಳ್ತೀನಿ. ತೊಂಬತ್ತರ ದಶಕದ ಆರಂಭ, ಆಗ ನಮ್ಮೂರು ಗುಲ್ಬರ್ಗಾ. ನಾನು ಒಂದು ಆರ್ಕೆಸ್ಟ್ರಾದಾಗ ಹಾಡ್ತಿದ್ದೆ, ಹುಮನಾಬಾದ್, ಸೇಡಂ, ಶಹಾಪುರ, ಜಾತ್ರಿ ಇರ್ಲಿ ಮದ್ವಿ ಇರ್ಲಿ ಎಲ್ಲಾ ಕಡಿ. ಒಂದು ಟ್ರ್ಯಾಕ್ಸ್ ಗಾಡಿ, ಹತ್ತು ಮಂದಿ ಗಂಡಸ್ರು, ನಾನೊಬ್ಬಾಕಿ, ಜೋಡಿ ನಮ್ಮವ್ವ. ನಮ್ಮವ್ವ ಸ್ಟೇಜಿನ ಬಾಜೂಕ ಸ್ಪೀಕರ್ ಡಬ್ಬಿ ಹಿಂದ ಕುಂಡ್ರತಿದ್ಲು, ತೊಡಿ ಮ್ಯಾಲೆ ರೊಟ್ಟಿ ಗಂಟು. ಅರ್ಥಿಂಗ್ ಇಲ್ಲದ ಕರೆಂಟು, ಜನರೇಟರ್ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ, ಮೈಕಿಗೆ ತುಟಿ ಹತ್ತಿದ್ರ ಚುರ್ ಅಂತ ಶಾಕ್ ಹೊಡೀತಿತ್ತು, ಅದಕ್ಕ ಮೈಕಿಗೆ ಕರ್ಚೀಫ್ ಸುತ್ತಿ ಹಾಡ್ತಿದ್ದೆ. ಇವತ್ತಿಗೂ ಯಾರರ ಮೈಕಿನ ಮುಂದ ನಿಂತ್ರ ನನ್ನ ಕಣ್ಣು ಮೊದಲ ಪ್ಲಗ್ಗಿನ ಮೂರನೇ ಪಿನ್ನಿಗೇ ಹೋಗ್ತದ.

ಪ್ರೋಗ್ರಾಮ್ ಮುಗಿದ ಮ್ಯಾಲೆ ಮಾಲಕರು "ಮುಂದಿನದಕ್ಕ ಸೇರ್ಸಿ ಕೊಡ್ತೀನಿ" ಅಂತಿದ್ರು. ಹಂಗ ಸೇರ್ಕೋತ ಸೇರ್ಕೋತ ಹೋತು. ನಂಗ ಎಷ್ಟು ಬಾಕಿ ಅದ ಅಂತ ನೆನಪಿರ್ಲಿಲ್ಲ, ಕೇಳ್ಲಾಕ ಮರ್ಯಾದಿ ಅಡ್ಡ ಬರ್ತಿತ್ತು. ನಮ್ಮವ್ವಗ ಓದ್ಲಾಕ ಬರೀಲಾಕ ಬರ್ತಿದ್ದಿಲ್ಲ. ಆದ್ರ ಅಕಿ ಒಂದು ಬಿಳಿ ದಾರ ಇಟ್ಟಿದ್ಲು, ರೊಕ್ಕ ಬರದ ಪ್ರತಿ ರಾತ್ರಿಗೆ ಆ ದಾರಕ್ಕ ಒಂದು ಗಂಟು. ಒಂದಿನ ಮಾಲಕರ ಮನಿಗೆ ನನ್ನ ಕರ್ಕೊಂಡು ಹೋಗಿ, ಕುಂಡ್ರು ಅಂದ್ರೂ ಕುಂಡ್ರಲಿಲ್ಲ, ಆ ದಾರ ಅವ್ರ ಟೇಬಲ್ಲಿನ ಮ್ಯಾಲೆ ಉದ್ದಕ ಚಾಚಿ "ಎಣಸ್ರಿ ಯಪ್ಪಾ" ಅಂದ್ಲು. ಹನ್ನೊಂದು ಗಂಟು. ಮೊದಲನೇದು ಯಾವ ಊರು, ಎರಡನೇದು ಯಾವ ಊರು, ಅವತ್ತು ಮಳಿ ಬಂದಿತ್ತೋ ಇಲ್ಲೋ, ಎಲ್ಲಾ ಬಟ್ಟು ಇಟ್ಟು ಹೇಳಿದ್ಲು. ಒಂಬತ್ತರ ರೊಕ್ಕ ಅವತ್ತೇ ಬಂತು. ಎರಡು ಗಂಟು ಇವತ್ತಿಗೂ ಹಂಗೇ ಅವ, ಆ ದಾರ ನನ್ನ ಬಲ್ಲಿ ಅದ.

ರನವೇಸ್ ಹುಡುಗೇರ ಕತಿ ನಾನು ಓದಿದ್ದು ಬಾಳ ವರ್ಷದ ಮ್ಯಾಲೆ. ಓದಿದಾಗ ನಂಗ ಮೊದಲ ನೆನಪಾಗಿದ್ದು ಆ ದಾರ. ಆ ಐದೂ ಮಂದಿಗೆ ಪಾಸ್‌ಪೋರ್ಟ್ ಇತ್ತು, ಹೆಸರಿತ್ತು, ಪೇಪರಿನಾಗ ಫೋಟೋ ಇತ್ತು, ಸ್ಪೀಕರ್ ಹಿಂದ ಕುಂತು ಗಂಟು ಹಾಕೋರು ಒಬ್ಬರೂ ಇದ್ದಿದ್ದಿಲ್ಲ.

ಜಪಾನಿನಾಗ ಅವ್ರಿಗೆ ಸಿಕ್ಕ ಸ್ವಾಗತ ಅವ್ರ ದೇಶದಾಗೂ ಸಿಕ್ಕಿದ್ದಿಲ್ಲ, ವಿಮಾನ ಇಳಿದ್ರ ಜಾತ್ರಿ ಕೂಡಿದಂಗ ಮಂದಿ, ಅಲ್ಲಿ ಬಾರ್ಸಿದ್ದೇ ಒಂದು ಲೈವ್ ಆಲ್ಬಮ್ ಆತು. ಹೊರಗಿಂದ ನೋಡಿದ್ರ ಶಿಖರ. ಆದ್ರ ಒಳಗ ಬ್ಯಾಂಡ್ ಆಗ್ಲೇ ಒಡೀಲಾಕ ಹತ್ತಿತ್ತು. ಒಬ್ಬಾಕಿದೇ ಫೋಟೋ ದೊಡ್ಡದಾಗಿ ಬಂದ್ರ ಉಳಿದೋರಿಗೆ ಸಿಟ್ಟು, ನಿದ್ದಿ ಇಲ್ಲ, ಮನಿ ನೆನಪು. ಆ ಟೂರಿನಾಗೇ ಜಾಕಿ ಜೀವದಂಗ ಇಟ್ಕೊಂಡಿದ್ದ ಬಾಸ್ ಗಿಟಾರ್ ಬಿದ್ದು ಕತ್ತು ಮುರೀತು. ವಾದ್ಯ ಮುರಿದಾಗ ಏನಾಗ್ತದ ಅಂತ ಬಾರ್ಸೋರಿಗೇ ಗೊತ್ತು, ಕಟ್ಟಿಗಿ ಒಡದ ಆವಾಜ್ ಬ್ಯಾರೆ, ಅದು ಬ್ಯಾರೆ. ಟೂರ್ ಮುಗಿಯೋದ್ರಾಗೇ ಜಾಕಿ ಬಿಟ್ಟು ಮನಿಗೆ ಹೋದ್ಲು, ಜೋನ್ ತಾನೇ ಬಾಸ್ ಹಿಡದು ಉಳಿದ ಕಾರ್ಯಕ್ರಮ ಮುಗಿಸಿದ್ಲು. ಸ್ವಲ್ಪ ತಿಂಗಳಿಗೆ ಶೆರಿನೂ ಹೋದ್ಲು. ಜೋನ್ ಹಾಡ್ಕೋತ ಬಾರ್ಸ್ಕೋತ ಇನ್ನೊಂದೂವರೆ ವರ್ಷ ಎಳದಳು, 1979ರ ಏಪ್ರಿಲ್ಲಿನಾಗ ಬ್ಯಾಂಡ್ ಮುಗೀತು. ಶುರು ಆಗಿ ನಾಕು ವರ್ಷ ಸೈತ ಆಗಿದ್ದಿಲ್ಲ.

ಇನ್ನೊಂದು ಮಾತು ನಿಮ್ಮ ಮುಂದ ಹೇಳ್ಬೇಕೋ ಬ್ಯಾಡೋ ಅಂತ ಬಾಳ ಯೋಚ್ನಿ ಮಾಡ್ದೆ, ಹೇಳ್ದಿದ್ರ ತಪ್ಪಾಗ್ತದ ಅಂತ ಹೇಳ್ತೀನಿ. 2015ರಾಗ, ಫೌಲಿ ತೀರಿಕೊಂಡು ಕೆಲವು ತಿಂಗಳಾದ ಮ್ಯಾಲೆ, ಜಾಕಿ ಬಹಿರಂಗವಾಗಿ ಹೇಳಿದ್ರು: ತಾನು 16ರ ಹುಡುಗಿ ಇದ್ದಾಗ, 1975ರ ಕೊನೀ ರಾತ್ರಿ, ಆತ ತನ್ನ ಮ್ಯಾಲೆ ಅತ್ಯಾಚಾರ ಮಾಡ್ದ, ಆ ಖೋಲಿಯೊಳಗ ಬ್ಯಾರೆ ಮಂದಿನೂ ಇದ್ರು ಅಂತ. ಸುಮಾರು 40 ವರ್ಷ ಒಳಗಿಟ್ಕೊಂಡಿದ್ರು. ನಡುವ ಅವ್ರು ಸುಮ್ನ ಕುಂತಿದ್ದಿಲ್ಲ, ಹಾರ್ವರ್ಡಿನಾಗ ಕಾಯ್ದೆ ಓದಿ ವಕೀಲರಾಗಿದ್ರು. ಇದನ್ನ ಕೇಳಿ ನಮ್ಮ ಮಂದಿ "ಅದಕ್ಕೇ ಹೇಳೋದು ಹುಡುಗೇರನ್ನ ಇಂಥಾದಕ್ಕ ಕಳಸ್ಬಾರ್ದು ಅಂತ" ಅಂತಾರ. ನಂಗ ಆ ಮಾತಿಗೆ ಹೊಟ್ಟಿ ಉರೀತದ. ತಪ್ಪು ಗಿಟಾರಿಂದಲ್ಲ. ಖೋಲಿಯೊಳಗ ಇದ್ದ ದೊಡ್ಡೋರು ಎದ್ದು ನಿಲ್ಲಲಿಲ್ಲ, ತಪ್ಪು ಅದು. ಅಂಥಾದ್ದು ಟ್ಯೂಷನ್ನಿನಾಗೂ ಆಗ್ತದ, ಹೊಲದಾಗೂ ಆಗ್ತದ, ಸಂಬಂಧಿಕರ ಮನ್ಯಾಗೂ ಆಗ್ತದ, ಅದರ ಸಂಬಂಧ ಹುಡುಗಿ ಕೈಯಾಗಿಂದು ಕಸ್ಕೊಳ್ಳೋದು ಯಾವ ನ್ಯಾಯ.

ಬ್ಯಾಂಡ್ ಮುಗಿದ ಮ್ಯಾಲೆ ಜೋನ್ ಜೆಟ್ ಹಾಡು ಮಾಡ್ಕೊಂಡು ಕಂಪನಿ ಕಂಪನಿ ತಿರುಗಿದ್ರು, 23 ಕಂಪನಿಗೋಳು ಬ್ಯಾಡ ಅಂದ್ವು. ಆಗ ಅವ್ರು ಮತ್ತ ಅವ್ರ ಜೋಡಿ ಕೆಲಸ ಮಾಡೋ ಕೆನ್ನಿ ಲಗೂನಾ ಕೂಡಿ ತಮ್ಮದೇ ಕಂಪನಿ ಮಾಡಿ, ರೆಕಾರ್ಡ್ ಅಚ್ಚು ಹಾಕ್ಸಿ, ಕಾರಿನ ಡಿಕ್ಕಿಯೊಳಗ ಇಟ್ಕೊಂಡು ಪ್ರೋಗ್ರಾಮ್ ಆದ ಮ್ಯಾಲೆ ಮಾರಿದ್ರು. ನಮ್ಮ ಗಂಜಿನ ಹೊರಗ ತೊಗರಿ ಚೀಲ ತಾವೇ ತೂಕ ಮಾಡಿ ಮಾರೋ ರೈತರಂಗ. 1982ರಾಗ ಅವ್ರ ಹಾಡು ಅಮೇರಿಕಾದಾಗ ಏಳು ವಾರ ಒಂದನೇ ನಂಬರ್ ನಿಂತಿತು, 2015ರಾಗ ರಾಕ್ ಸಂಗೀತದ ಹಾಲ್ ಆಫ್ ಫೇಮಿನಾಗ ಹೆಸರು ಸೇರ್ತು. ಈ ಸಲ ಹಿಸಾಬಿನ ವಹಿ ಅವ್ರ ಕೈಯಾಗ ಇತ್ತು. ಡ್ರಮ್ಸಿನ ಸ್ಯಾಂಡಿಗೆ ಹಂಗ ಆಗ್ಲಿಲ್ಲ, ಬ್ಯಾಂಡ್ ಮತ್ತ ಕೂಡ್ತದ ಅಂತ ಕಾದ್ರು, ಹೊಟ್ಟಿಪಾಡಿಗೆ ಕಟ್ಟಡದ ಕೆಲಸ ಸೈತ ಮಾಡಿದ್ರು, 2006ರಾಗ ಕ್ಯಾನ್ಸರಿನಿಂದ ತೀರಿಕೊಂಡಾಗ 47 ವರ್ಷ. ಅವ್ರು ಬಾರ್ಸಿದ್ದು ಕೇಳ್ರಿ ಒಮ್ಮೆ, 16ರ ಹುಡುಗಿ ಕೈ ಅನ್ನಂಗಿಲ್ಲ.

ನಮ್ಮ ದೇಶದ್ದೂ ಒಂದದ. 2012ರ ಡಿಸೆಂಬರಿನಾಗ ಶ್ರೀನಗರದಾಗ ಬ್ಯಾಂಡುಗಳ ಸ್ಪರ್ಧಾ ಇತ್ತು, ಹತ್ತನೇ ಕ್ಲಾಸಿನ ಮೂರು ಹುಡುಗೇರು "ಪ್ರಗಾಶ್" ಅನ್ನೋ ಬ್ಯಾಂಡ್ ಮಾಡಿ ಬಾರ್ಸಿ ಬಹುಮಾನ ತಗೊಂಡ್ರು. ಪ್ರಗಾಶ್ ಅಂದ್ರ ಬೆಳಕು. ಮುಂದ ಇಂಟರ್ನೆಟ್ಟಿನಾಗ ಬೆದರಿಕಿ ಶುರು, 2013ರ ಫೆಬ್ರವರಿಯೊಳಗ ಅಲ್ಲಿನ ಮುಖ್ಯ ಮುಫ್ತಿ ಫತ್ವಾ ಹೊರಡ್ಸಿದ್ರು. ಮುಖ್ಯಮಂತ್ರಿ ಹುಡುಗೇರ ಪರವಾಗಿ ಮಾತಾಡಿದ್ರು, ಪೊಲೀಸರು ಕೇಸೂ ಮಾಡಿದ್ರು, ಆದ್ರೂ ಹುಡುಗೇರು ಬ್ಯಾಂಡ್ ನಿಲ್ಲಿಸಿಬಿಟ್ರು. ಮುಖ್ಯಮಂತ್ರಿ ಮಾತು ಒಂದಿನ ಪೇಪರಿನಾಗ ಬರ್ತದ, ಹುಡುಗಿ ಮಾತ್ರ ದಿನಾ ಅದೇ ಓಣಿಯೊಳಗ ನಡಕೋತ ಸಾಲಿಗೆ ಹೋಗ್ಬೇಕು. ಅವ್ರ ಮ್ಯಾಲೆ ನಂಗ ಒಂಚೂರೂ ಬ್ಯಾಸರಿಲ್ಲ, ಬಾರ್ಸಿದ್ರಲ್ಲ ಒಂದ್ಸಲ, ಸಾಕು.

ಈಗ ನಂಗ ಬಾಳ ಸೇರೋ ಕತಿ. ಇಂಡೋನೇಷ್ಯಾ ದೇಶ, ಜಾವಾ ದ್ವೀಪದ ಪಶ್ಚಿಮ ಭಾಗದಾಗ ಗಾರುತ್ ಅಂತ ಜಿಲ್ಲಾ, ಅಲ್ಲಿ ಸಿಂಗಜಯ ಅನ್ನೋ ಹಳ್ಳಿ ಕಡಿಯೋರು ಮೂರು ಹುಡುಗೇರು, ಮಾರ್ಸ್ಯಾ, ವಿದಿ, ಸಿತಿ. ಒಕ್ಕಲುತನದ ಊರು. ಮದರಸಾದಾಗ ಓದ್ತಿದ್ರು, ಅಲ್ಲಿ ನಾಟಕ ಕಲ್ಸೋ ಒಬ್ಬ ಮಾಸ್ತರು ಇದ್ರು. ಒಂದಿನ ಹುಡುಗೇರು ಆ ಮಾಸ್ತರ ಲ್ಯಾಪ್‌ಟಾಪಿನಾಗ ಸಿಸ್ಟಮ್ ಆಫ್ ಎ ಡೌನ್ ಅನ್ನೋ ಮೆಟಲ್ ಬ್ಯಾಂಡಿನ ಹಾಡು ಕೇಳಿದ್ರು, ಮೆಟಲ್ ಅಂದ್ರ ರಾಕಿನಾಗೇ ಬಾಳ ಜೋರಿಂದು, ಕೇಳಿ ಬಿಡಲಾರದಂಗ ಆದ್ರು. ಮಾಸ್ತರು ಬಿಡಿಸಲಿಲ್ಲ, ವಾದ್ಯ ಕೈಯಾಗ ಕೊಟ್ರು. 2014ರಾಗ ಬ್ಯಾಂಡ್ ಆತು, ಆಗ ಅವ್ರಿಗೆ ಸುಮಾರು 14 ವರ್ಷ. ಹೆಸರು "ವಾಯ್ಸ್ ಆಫ್ ಬಾಚೆಪ್ರೊತ್", ಬಾಚೆಪ್ರೊತ್ ಅಂದ್ರ ಅವ್ರ ಸುಂದಾ ಭಾಷಾದಾಗ ಗದ್ದಲ, ಬಡಬಡ ಅಂತ ಮಾತಾಡೋದು. ನಮ್ಮಲ್ಲಿ ಹೆಣ್ಮಕ್ಕಳಿಗೆ "ಬಾಯಿಬಡಕಿ" ಅಂತ ಬೈತಾರಲ್ರಿ, ಅದೇ ಮಾತು ಎತ್ತಿ ಹೆಸರಾಗಿ ಇಟ್ಕೊಂಡಂಗ.

ತಲಿ ಮ್ಯಾಲೆ ಹಿಜಾಬ್, ಕೈಯಾಗ ಗಿಟಾರ್, ಆವಾಜ್ ಗುಡುಗಿನಂಗ. ಊರಾಗ ವಿರೋಧ, ಮನ್ಯಾಗ ಹೆದರಿಕಿ, ಎಲ್ಲಾ ಇತ್ತು. ಆದ್ರ ಇಲ್ಲಿ ನೋಡ್ರಿ ಫರಕ್, ಅವ್ರು ಮೂವರೂ ಒಂದೇ ಸಾಲಿ, ಒಂದೇ ಊರ ಕಡಿಯೋರು, ಜೋಡಿ ಬೆಳದೋರು, ಹಿಂದ ನಿಂತ ಮಾಸ್ತರು ಕಲ್ಸೋರು. ಯಾರೋ ಆಡಿಷನ್ ಮಾಡಿ ಜೋಡ್ಸಿದ ಬ್ಯಾಂಡ್ ಅಲ್ಲ. 2021ರ ಕೊನಿಗೆ ಯುರೋಪ್ ಟೂರ್ ಹೋದ್ರು, 2022ರಾಗ ಜರ್ಮನಿಯ ವಾಕೆನ್ ಅನ್ನೋ ಹಳ್ಳಿಯೊಳಗ ನಡ್ಯೋ ಮೆಟಲ್ ಜಾತ್ರಿಯೊಳಗ ಬಾರ್ಸಿದ್ರು. ಜಾತ್ರಿ ಅಂತ ಬೇಕಂತಲೇ ಅಂದೆ, ಹೊಲದಾಗ ಸ್ಟೇಜ್ ಹಾಕಿ ಊರು ತುಂಬಾ ಮಂದಿ ಕೂಡ್ತಾರ, ಮಳಿ ಬಂದ್ರ ಕೆಸರು. 2023ರಾಗ ಆಲ್ಬಮ್ ಬಂತು, ಅಮೇರಿಕಾಕ್ಕ ಹೋಗಿ ಬಂದ್ರು. 2024ರ ಜೂನಿನಾಗ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಾಗ ಬಾರ್ಸಿದ ಮೊದಲನೇ ಇಂಡೋನೇಷ್ಯಾ ಬ್ಯಾಂಡ್ ಇವ್ರದೇ. ಆಗ ಬ್ಯಾಂಡ್ ಕಟ್ಟಿ ಹತ್ತು ವರ್ಷ ಆಗಿತ್ತು, ಮೂವರೂ ಅದೇ ಮೂವರು. ನಾನು ಈ ಹತ್ತು ವರ್ಷಕ್ಕ ಕೈ ಮುಗೀತೀನಿ, ಗ್ಲಾಸ್ಟನ್‌ಬರಿಗಲ್ಲ. ಅವ್ರ ಹಾಡಿನಾಗ ಸಾಲಿ ವ್ಯವಸ್ಥಾದ ಮ್ಯಾಲೆ ಸಿಟ್ಟದ, ಹೆಣ್ಮಕ್ಕಳ ಮೈ ಊರ ಮಂದಿ ಆಸ್ತಿ ಅಲ್ಲ ಅನ್ನೋದದ. ಆ ಮಾತು ಶಹಾಪುರದಾಗ ನಿಂತು ಹಾಡಿದ್ರೂ ತಿಳೀತದ.

ಇದೆಲ್ಲಾ ಪರದೇಶದ್ದು, ನಮ್ಮದಲ್ಲ ಅಂತ ಅನ್ನಬ್ಯಾಡ್ರಿ. ಹೋದ ಶತಮಾನದ ಆರಂಭದಾಗೇ ಲಕ್ಷ್ಮೇಶ್ವರದ ಬಚ್ಚಾಸಾನಿ ಅವ್ರು ಸ್ತ್ರೀ ನಾಟಕ ಮಂಡಳಿ ಕಟ್ಟಿದ್ರು, ಗಂಡಸ್ರ ಪಾತ್ರನೂ ಹೆಣ್ಮಕ್ಕಳೇ ಮಾಡ್ತಿದ್ರು. ಗಂಡಸ್ರು ಸೀರಿ ಉಟ್ಟು ಹೆಣ್ಣಿನ ಪಾತ್ರ ಮಾಡೋ ಕಾಲ ಅದು, ಇವ್ರು ತಿರುವಿ ಹಾಕಿದ್ರು. ಸಾಮಾನು ಹೇರ್ಕೊಂಡು ಊರೂರು ತಿರುಗಿ, ಟೆಂಟ್ ಹಾಕಿ, ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಾಗ ಗಂಟಲು ಹರ್ಯೋಹಂಗ ಹಾಡಿದ ಹೆಣ್ಮಕ್ಕಳು ಈ ನಾಡಿನ ಕಂಪನಿ ನಾಟಕದಾಗ ಎಷ್ಟು ಮಂದಿ ಇದ್ರು. ನಮ್ಮ ಶರಣಬಸವೇಶ್ವರ ಜಾತ್ರಿಗೆ ಬರೋ ನಾಟಕ ಕಂಪನಿ ಟೆಂಟಿನ ಹಿಂದ ಒಮ್ಮೆ ಹೋಗಿ ನೋಡ್ರಿ, ಒಲಿ, ಒಣಗಲಾಕ ಹಾಕಿದ ಅರಿವಿ, ತೊಟ್ಟಿಲು, ಅಲ್ಲೇ ಬಣ್ಣದ ಡಬ್ಬಿ. ಟೂರ್ ಅಂದ್ರ ಅದೇ. ಆ ಹೆಣ್ಮಕ್ಕಳಿಗೆ ಮಂದಿ ಏನೇನು ಅಂದ್ರು, ಅದೂ ನಮಗ ಗೊತ್ತದ, ಚಪ್ಪಾಳಿನೂ ನಾವೇ ಹೊಡದೀವಿ, ಹೆಸರೂ ನಾವೇ ಕೆಡಸೀವಿ.

ಈಗ ನಮ್ಮ ಓಣಿ ಹುಡುಗೇರಿಗೆ ಏನ್ ಹೇಳ್ದೆ ಅಂತ ಹೇಳಿ ಮುಗಸ್ತೀನಿ. ಬ್ಯಾಂಡಿನ ಹೆಸರು ಇಡೋಕಿಂತ ಮೊದಲ ಒಂದು ವಹಿ ತಗೊಳ್ರಿ ಅಂದೆ. ಯಾರು ಯಾವ ತಂತಿ ತಂದ್ರು, ಎಷ್ಟು ರೊಕ್ಕ, ಯಾರು ಕೊಟ್ರು, ಮೊದಲನೇ ಪ್ರೋಗ್ರಾಮಿಗೆ ನೂರು ರೂಪಾಯಿ ಬಂದ್ರೂ ನಾಕೂ ಮಂದಿ ಸಹಿ. ಯಾರರ ಕರಾರು ಅಂತ ಕಾಗದ ತಂದ್ರ ಅವತ್ತೇ ಸಹಿ ಹಾಕಬ್ಯಾಡ್ರಿ, ಮನಿಗೆ ಒಯ್ಯಿರಿ, ಓದಿ ತಿಳಿಯೋರಿಗೆ ತೋರಸ್ರಿ, ಇನ್ನಾ 18 ಆಗದೋರ ಸಹಿ ಕರಾರಿಗೆ ನಡ್ಯಂಗೇ ಇಲ್ಲ ಅನ್ನೋದು ನೆನಪಿಡ್ರಿ. ಏಪ್ರಿಲ್ ಮೇ ತಿಂಗಳದಾಗ ನಮ್ಮ ಬಿಸಲಿಗೆ ಗಿಟಾರ್ ಹೊರಗಿಟ್ರ ತಂತಿ ಸಡ್ಲಾಗಿ ಸ್ವರ ಇಳೀತದ, ಕಟ್ಟಿಗಿ ಡೊಂಕಾಗ್ತದ, ಗಾಡಿಯೊಳಗ ಬಿಟ್ಟು ಹೋದ್ರಂತೂ ಅಂಟು ಬಿಡ್ತದ, ಕೂಸಿನಂಗ ಒಳಗ ಒಯ್ಯಿರಿ. ಬೆವರಿನ ಕೈಲೇ ಬಾರ್ಸಿದ ಮ್ಯಾಲೆ ಒಣ ಅರಿವಿಲೇ ತಂತಿ ಒರಸ್ರಿ, ಇಲ್ಲಂದ್ರ ತಿಂಗಳಿಗೇ ತುಕ್ಕು.

ಮಾತು ಮುಗಿದ ಮ್ಯಾಲೆ ಪ್ರಶ್ನೆ ಕೇಳಿದ್ರು. ಮಗಳ ಜೋಡಿ ಬಂದಿದ್ದ ಒಬ್ಬ ತಂದಿ, ಯಾದಗಿರಿ ಕಡಿಯೋರು, ಎದ್ದು ನಿಂತು "ಅಕ್ಕೋರೆ, ನೀವು ಹೇಳೋದು ಖರೇ ಅದ, ಆದ್ರ ರಾತ್ರಿ ಪ್ರೋಗ್ರಾಮಿಗೆ ಹುಡುಗಿನ್ನ ಹ್ಯಾಂಗ ಕಳಸ್ಬೇಕ್ರಿ?" ಅಂದ್ರು. ಬಾಳ ನಿಜವಾದ ಪ್ರಶ್ನೆ ಅದು, ಅವ್ರ ದನಿಯೊಳಗ ಸಿಟ್ಟಿರ್ಲಿಲ್ಲ, ಹೆದರಿಕಿ ಇತ್ತು. ನಾನಂದೆ, ಕಳಸಬ್ಯಾಡ್ರಿ ಯಪ್ಪಾ, ನೀವು ಹೋಗ್ರಿ ಜೋಡಿ. ನೀವಲ್ಲ ಅಂದ್ರ ನಿಮ್ಮನಿಯೋರು, ನಿಮ್ಮ ಅಕ್ಕ, ಯಾರರ ಒಬ್ರು. ಸ್ಟೇಜಿನ ಬಾಜೂಕ ಕುಂಡ್ರಿ, ಏನೂ ತಿಳೀಲಿಲ್ಲಂದ್ರೂ ನಡೀತದ, ನಮ್ಮವ್ವಗ ರಾಗ ತಾಳ ಏನೂ ತಿಳೀತಿದ್ದಿಲ್ಲ. ನಾಕು ಹುಡುಗೇರು ಇದ್ರ ನಾಕು ಮನಿ, ಪಾಳಿ ಹಚ್ಚಿದ್ರ ಒಬ್ಬೊಬ್ರಿಗೆ ನಾಕು ಪ್ರೋಗ್ರಾಮಿಗೊಂದು ರಾತ್ರಿ ನಿದ್ದಿ ಕೆಡ್ತದ ಅಷ್ಟೇ. ಅವ್ರು ತಲಿ ಆಡಿಸಿ ಕುಂತ್ರು, ಒಪ್ಪಿದ್ರೋ ಇಲ್ಲೋ ನಂಗ ತಿಳೀಲಿಲ್ಲ, ಆದ್ರ ಹೊರಗ ಹೋಗುವಾಗ ಒಂದು ಗಿಟಾರಿಗೆ ಎಷ್ಟಾಗ್ತದ ಅಂತ ಕೇಳಿ ಮೊಬೈಲಿನಾಗ ಬರ್ಕೊಂಡ್ರು.

ಆಳಂದದ ಒಬ್ಬ ಹುಡುಗಿ ಡ್ರಮ್ಸ್ ಎಲ್ಲಿ ಸಿಗ್ತದ, ಅಷ್ಟು ರೊಕ್ಕ ಇಲ್ಲ ಅಂದ್ಲು. ಡ್ರಮ್ಸ್ ಆಮ್ಯಾಲೆ ನೋಡೋಣ ತಂಗಿ, ಮೊದಲ ಎರಡು ಕಡ್ಡಿ, ಒಂದು ರಬ್ಬರ್ ಪ್ಯಾಡ್ ಸಾಕು, ಪ್ಯಾಡ್ ನನ್ನ ಬಲ್ಲಿ ಅದ ಅಂದೆ. ನಮ್ಮನಿ ಮಾಳಗಿ ಮ್ಯಾಲೆ ಒಂದು ಖೋಲಿ ಖಾಲಿ ಮಾಡ್ಸೀನಿ. ಐತಾರ ಮುಂಜಾನಿ ಹತ್ತರಿಂದ ಒಂದರ ತನಕ. ಹಳೇ ಗಾದಿ ಗೋಡಿಗೆ ಹಚ್ಚೀವಿ, ಬಾಜೂ ಮನಿಯೋರಿಗೆ ಹೇಳಿ ಬಂದೀನಿ, ಮೂರು ಪಿನ್ನಿನ ಪ್ಲಗ್ ಹಾಕ್ಸಿ ಅರ್ಥಿಂಗ್ ಟೆಸ್ಟ್ ಮಾಡ್ಸೀನಿ. ತಾಯಂದ್ರು ಬಂದ್ರ ಕುಂಡ್ರಲಾಕ ಚಾಪಿ ಅದ. ಕಡ್ಡಿ ನೀವೇ ತರ್ರಿ.